ಮಡೆನೂರಿನ ಮುಳುಗಿದ ಅಣೆಕಟ್ಟು

ರಾಜ್ಯೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಜೋಗದ ಚಿತ್ರ ತಪ್ಪುವುದು ಅಪರೂಪ. ಹೊರನಾಡಿನಲ್ಲಿರುವ ನಮಗೆ ಆ ನಾಲ್ಕು ಧಾರೆಗಳನ್ನು ಕಂಡರೆ ಊರನ್ನೇ ಕಂಡಷ್ಟು ಹಿಗ್ಗು. ಆದರೆ ಜಲಪಾತಕ್ಕೆ ಮೇಲುಗಡೆ, ಅದೇ ಶರಾವತಿಯ ಹಿನ್ನೀರಿನಡಿಯಲ್ಲಿ, ಕೆಲಸದಿಂದ ನಿವೃತ್ತವಾದ ಅಣೆಕಟ್ಟೊಂದು ಇದೆಯೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದರ ವೃತ್ತಾಂತವನ್ನು ಓದುಗರ ಮುಂದಿಡಲು ಅಪೇಕ್ಷಿಸುತ್ತೇವೆ.

ಏಕೀಕರಣಕ್ಕೆ ಮುಂಚೆ ಜೋಗದ ಬಳಿ ಶರಾವತಿಯೇ ಗಡಿ. ಒಂದು ದಡ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೂ, ಇನ್ನೊಂದು ದಡ ಮುಂಬಯಿ ಪ್ರಾಂತದ ಉತ್ತರ ಕನ್ನಡಕ್ಕೂ ಸೇರಿದ್ದವು. ಎರಡು ದಡಗಳಲ್ಲಿಯೂ ಕನ್ನಡವೇ. ಕಂದಾಯ ಕಟ್ಟುವ ಖಜಾನೆ ಮಾತ್ರ ಬೇರೆ. ಇಂಥ ನದಿಯಿಂದ ವಿದ್ಯುಚ್ಛಕ್ತಿ ಪಡೆಯುವ ಕಾಮಗಾರಿಯನ್ನು ಮೈಸೂರು ಸರಕಾರ 1939ರಲ್ಲಿ ಕೈಗೊಂಡಿತು. ನಡುವೆ ಮಹಾಯುದ್ಧ ಬಂದಿತು. ಕೊನೆಗೆ 1948ರ ಫೆಬ್ರವರಿಯಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಕೃಷ್ಣರಾಜೇಂದ್ರರ ಹೆಸರಿನಲ್ಲಿ ಹೊರಟ ಯೋಜನೆಗೆ ಆಮೇಲೆ ಮಹಾತ್ಮಾ ಗಾಂಧಿಯವರ ಹೆಸರನ್ನು ಇಟ್ಟರು. ಆಗ ಅದರ ಶಕ್ತಿ 120 ಮೆಗಾವಾಟ್ ಆಗಿತ್ತು. ಈ ಯಂತ್ರಗಳಿಗೆ ಬೇಸಗೆಯಲ್ಲಿಯೂ ನೀರು ಒದಗಿಸಲೆಂದು ಸಾಗರ ತಾಲ್ಲೂಕಿನ ಮಡೆನೂರಿನಲ್ಲಿ ಕಟ್ಟಿದ್ದೇ ಹಿರೇಭಾಸ್ಕರ ಅಣೆಕಟ್ಟು.

ಆ ಕಟ್ಟೆಯ ವಿಶೇಷವಿರುವುದು ಅದರ ಸೈಫನ್ನುಗಳಲ್ಲಿ. ಸಾಮಾನ್ಯವಾಗಿ ಅಣೆಕಟ್ಟು ತುಂಬಿದಾಗ ಯಾರಾದರೂ ಬಾಗಿಲು ಎತ್ತಬೇಕು. ಸುರಿಯುವ ಮಳೆಯಲ್ಲಿ, ನಡುರಾತ್ರಿ, ಮಲೆನಾಡಿನ ಕಾಡಿನಲ್ಲಿ ಆ ಕೆಲಸ ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಮೈಸೂರಿನ ಇಂಜನಿಯರ್ ಗಣೇಶ್ ಅಯ್ಯರ್ ಅವರು ರೂಪಿಸಿದ ಸೈಫನ್ನಿಗೆ ಆ ಗೊಡವೆಯೇ ಇಲ್ಲ. ಮೇಲೆ ಗುಮ್ಮಟ, ಅದರ ಕೆಳಗೆ ಆಲಿಕೆಯ ಬಾಯಿಯುಳ್ಳ ಕೊಳವೆ. ನೀರು ಆಲಿಕೆಯ ಅಂಚನ್ನು ಮೀರಿ ಒಳಗೆ ಇಳಿಯತೊಡಗಿದರೆ, ಅಲ್ಲಿ ಕೂಡಿಸಿದ ಬಾಗಿದ ರೆಕ್ಕೆಗಳು ಅದನ್ನು ಸುಳಿಯಂತೆ ತಿರುಗಿಸುತ್ತವೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಹೀರಿಕೊಂಡು ಹೋಗುತ್ತದೆ. ಗಾಳಿ ಹೋದೊಡನೆ ಕೊಳವೆ ಪೂರ್ತಿಯಾಗಿ ತುಂಬಿ, ಕೆರೆಯ ನೀರನ್ನು ಸೆಳೆದು ಹೊರಕ್ಕೆ ಚೆಲ್ಲುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕರೆ ತಾನಾಗಿಯೇ ನಿಲ್ಲುತ್ತದೆ. ಬಾಗಿಲಿಲ್ಲ, ಕಾವಲುಗಾರನ ಕೈಯಿಲ್ಲ, ವಿದ್ಯುತ್ತೂ ಬೇಡ! ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿಯೂ ಇದೇ ಜಾತಿಯ ಸೈಫನ್ನುಗಳಿವೆ.

ಇಷ್ಟೆಲ್ಲ ಜಾಣ್ಮೆಯಿಂದ ಕಟ್ಟಿದ ಅಣೆಕಟ್ಟು ದುಡಿದದ್ದು ಹದಿನಾರೇ ವರ್ಷ. ಇನ್ನೂ ಹೆಚ್ಚಿನ ವಿದ್ಯುತ್ತಿಗಾಗಿ ನದಿಯ ಕೆಳಗಡೆ ಲಿಂಗನಮಕ್ಕಿಯಲ್ಲಿ ಸುಮಾರು 152 ಟಿ.ಎಂ.ಸಿ. ನೀರು ಹಿಡಿಯುವ ಹೊಸ ಕಟ್ಟೆ ಎದ್ದಿತು. 1964ರಲ್ಲಿ ಅದರ ಹಿನ್ನೀರು ಹಳೆಯ ಕಟ್ಟೆಯನ್ನು ಮುಚ್ಚಿಕೊಂಡಿತು. ಲೆಕ್ಕದ ಪುಸ್ತಕದಲ್ಲಿ ಹದಿನಾರು ವರ್ಷದ ಆಸ್ತಿಯನ್ನು ಹೀಗೆ ಹೊಡೆದುಹಾಕಬೇಕಾದರೆ ಎಷ್ಟು ಸಹಿಗಳು ಬೇಕೆಂಬುದನ್ನು ಬ್ಯಾಂಕಿನವರಾದ ನಾವು ಬಲ್ಲೆವು.

ಆದರೆ ಮುಳುಗಿದ್ದು ಕಲ್ಲಿನ ಕಟ್ಟೆಯೊಂದೇ ಅಲ್ಲ. ಕರೂರು, ಬಾರಂಗಿ ಹೋಬಳಿಗಳ ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನಗಳೂ ನೀರುಪಾಲಾದವು. ಹಿರೇಭಾಸ್ಕರದ ನೀರಿಗಾಗಿ ಒಮ್ಮೆ ಎದ್ದುಹೋಗಿದ್ದ ಕೆಲವು ಕುಟುಂಬಗಳು ಲಿಂಗನಮಕ್ಕಿಗಾಗಿ ಮತ್ತೊಮ್ಮೆ ಗಂಟುಮೂಟೆ ಕಟ್ಟಿದವು. ಭೂಸ್ವಾಧೀನವೆಂದರೆ ಆಗ ನೋಟೀಸು, ಪರಿಹಾರದ ಹಣ. ಜನರನ್ನು ಕೂಡಿಸಿ, ಯೋಜನೆಯಿಂದ ಆಗುವುದೇನೆಂದು ತಿಳಿಸಿ, ಅವರ ಅಹವಾಲು ಕೇಳುವ ಸಾರ್ವಜನಿಕ ಸಭೆಯ ನಿಯಮ ನಮ್ಮ ದೇಶದಲ್ಲಿ ಬಂದದ್ದು 1990ರ ದಶಕದಲ್ಲಿ. ನೆಲೆ ಕಳೆದುಕೊಂಡವರಿಗೆ ಕೊಟ್ಟ ಜಮೀನಿನಲ್ಲಿ ಬಹುಪಾಲು ಅರಣ್ಯದ್ದಾದುದರಿಂದ ಹಕ್ಕುಪತ್ರದ ತಕರಾರು ಮೊಮ್ಮಕ್ಕಳ ಕಾಲಕ್ಕೂ ಮುಂದುವರಿದಿದೆ. ನಾಡಿಗೆ ಬೆಳಕು ಬಂದದ್ದು ನಿಜ. ಅದರ ಬೆಲೆ ಯಾರ ಖಾತೆಗೆ ಖರ್ಚು ಬಿದ್ದಿತೆಂಬುದೂ ಅಷ್ಟೇ ನಿಜ. ಇದೇ ವಿದ್ಯುತ್ ಯೋಜನೆಯಲ್ಲಿ ಸರಕಾರಿ ನೌಕರರಾಗಿದ್ದ ನಾ. ಡಿಸೋಜಾ ಅವರು ಈ ಸಂಕಟವನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ಅವರು 2025ರ ಜನವರಿಯಲ್ಲಿ ತೀರಿಕೊಂಡರು.

ಮಳೆ ಕೈಕೊಟ್ಟ ವರ್ಷ, ಬೇಸಗೆಯ ಕೊನೆಗೆ ಹಿನ್ನೀರು ಬಹಳ ಇಳಿದಾಗ ಹಳೆಯ ಕಟ್ಟೆ ಸೈಫನ್ನುಗಳ ಸಮೇತ ಮೇಲೆ ಕಾಣಿಸಿಕೊಳ್ಳುತ್ತದೆ. ಜನ ತಂಡತಂಡವಾಗಿ ನೋಡಲು ಹೋಗುತ್ತಾರೆ. ಅದು ಇನ್ನೂ ನಿಂತಿರುವುದನ್ನು ಕಂಡು ನಮ್ಮವರು ಹೊಗಳುವುದು ಯೋಗ್ಯವೇ. ಆದರೆ ಒಂದು ಮಾತು. ಎರಡು ಮಗ್ಗುಲಲ್ಲಿಯೂ ನೀರು ಸಮನಾಗಿ ನಿಂತಾಗ ಒಂದರ ಒತ್ತಡವನ್ನು ಇನ್ನೊಂದು ಸರಿದೂಗಿಸುವುದರಿಂದ ಮುಳುಗಿದ ಕಟ್ಟೆಗೆ ಹಿಂದಿನ ಹೊರೆಯಿಲ್ಲ. ಆದರೆ ನೆನೆದು, ಒಣಗಿ, ಮತ್ತೆ ನೆನೆಯುವ ಗಾರೆ ಕ್ರಮೇಣ ಸಡಿಲವಾಗುವುದು ಸಹಜ. ಹೂಳು ಕುಳಿತ ಕಲ್ಲಿನ ಮೇಲೆ ಕಾಲೂ ನಿಲ್ಲದು. ಕಟ್ಟೆ ಬಯಲಾದ ಆ ಕೆಲವು ವಾರಗಳಲ್ಲಿಯೇ ಬಿರುಕುಗಳನ್ನು ಪರೀಕ್ಷಿಸಿ, ಬೇಕಾದಲ್ಲಿ ಗಾರೆ ತುಂಬಿ, ಎಲ್ಲಿ ನಡೆಯಬಹುದು, ಎಲ್ಲಿ ಕೂಡದು ಎಂದು ಗುರುತಿಸಿ, ಸುತ್ತಲಿನ ಹಳ್ಳಿಗಳಿಗೆ ಕನ್ನಡದಲ್ಲಿ ಬರೆದು ತಿಳಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ದೊಡ್ಡ ಅಣೆಕಟ್ಟುಗಳ ಒಡೆಯರಿಗೆ ತಪಾಸಣೆಯನ್ನೂ ತುರ್ತು ಕ್ರಮದ ಯೋಜನೆಯನ್ನೂ ವಿಧಿಸಿದೆ. ಅದರ ಆಶಯವನ್ನು ಕೆಲಸ ಬಿಟ್ಟ ಕಟ್ಟೆಗೂ ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಒಮ್ಮೆ ಹೇಳದೆ ಕೇಳದೆ ಮುಳುಗಿಸಲ್ಪಟ್ಟ ಜನಕ್ಕೆ ಇಷ್ಟು ಮಾಹಿತಿಯನ್ನಾದರೂ ಕೊಡುವುದು ಸಲ್ಲತಕ್ಕದ್ದು.

ಈ ಹಿನ್ನೀರಿನಾಚೆಯ ತುಮರಿ, ಸಿಗಂದೂರು ಕಡೆಗೆ ಹೋಗಲು ಬಹುಕಾಲ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ತೆರೆಯಿತು. ಊರಿಗೆ ಹೋದಾಗ ಮಕ್ಕಳನ್ನು ಜೋಗಕ್ಕೆ ಕರೆದೊಯ್ಯುವವರು ಆ ಸೇತುವೆಯ ಮೇಲೂ ಒಮ್ಮೆ ಹಾದು, ಕೆಳಗಿನ ನೀರಿನಲ್ಲಿ ಏನೇನಿದೆಯೆಂದು ಅವರಿಗೆ ಹೇಳಬಹುದು.