ಕರುಳಿನ ಬ್ಯಾಕ್ಟೀರಿಯಾಗಳೂ ಸ್ವಲೀನತೆಯೂ: ಒಂದು ಚಿಕಿತ್ಸಾವಿಚಾರದ ಇತಿಹಾಸ

ಆಟಿಸಂ ಎಂದು ಹೆಸರಾದ ಸ್ವಲೀನತೆಗೂ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳಿಗೂ ಸಂಬಂಧವುಂಟೆಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಈ ಜೀವಿಗಳನ್ನು ಮಾರ್ಪಡಿಸಿದರೆ ಮಗುವಿನ ಮಾತು ಮತ್ತು ಒಡನಾಟಗಳು ಸುಧಾರಿಸಬಹುದೆಂಬ ಆಶೆಯೂ ಹಬ್ಬಿದೆ. ಆಶೆ ಹೊಸದಾಗಿ ತೋರಿದರೂ ಅದರ ಬೇರು ಹಳೆಯದು. ಆ ಬೇರನ್ನು ಗುರುತಿಸಿ, ಈ ವಿಚಾರವು ಯಾವ ಘಟ್ಟಗಳನ್ನು ದಾಟಿ ಬಂದಿತೆಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಮೆಚ್ನಿಕಾಫನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ವಿಷವನ್ನು ಉತ್ಪಾದಿಸಿ ಮುಪ್ಪನ್ನು ತರುತ್ತವೆಂದು ವಾದಿಸಿದನು. ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈತನು ಸೂಚಿಸಿದ ಪರಿಹಾರ ಹುಳಿಗೊಂಡ ಹಾಲಿನ ಸೇವನೆ, ಅಷ್ಟೆ. ಆದರೆ ತತ್ತ್ವವು ಶಸ್ತ್ರವೈದ್ಯರ ಕೈಗೆ ಬಂದಾಗ ಅದರ ಸ್ವರೂಪವೇ ಬೇರೆಯಾಯಿತು. ಲಂಡನ್ನಿನ ಆರ್ಬತ್‌ನಾಟ್ ಲೇನ್ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದನು. ಅಮೆರಿಕದ ಟ್ರೆಂಟನ್ ನಗರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೆ ದೇಹದಲ್ಲಿ ಅಡಗಿದ ಸೋಂಕೇ ಕಾರಣವೆಂದು ನಂಬಿ ರೋಗಿಗಳ ಹಲ್ಲುಗಳನ್ನೂ ಕರುಳುಗಳನ್ನೂ ತೆಗೆಸಿದನು. ನೂರಕ್ಕೆ ಎಂಬತ್ತೈದು ಮಂದಿ ಗುಣ ಹೊಂದಿದರೆಂಬುದು ಆತನ ಘೋಷಣೆ. ಕರುಳಿನ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಸತ್ತರೆಂಬುದೂ ಆತನ ಲೆಕ್ಕದಿಂದಲೇ ತಿಳಿದ ಸಂಗತಿ. ಜಾನ್ಸ್ ಹಾಪ್ಕಿನ್ಸಿನ ಅಡಾಲ್ಫ್ ಮೇಯರ್ ತನ್ನ ಸಹಾಯಕಿ ಫಿಲಿಸ್ ಗ್ರೀನೇಕರಳನ್ನು ವಿಚಾರಣೆಗೆ ಕಳುಹಿಸಿದನು. ಆಕೆ ೧೯೨೦ರ ದಶಕದ ಮಧ್ಯದಲ್ಲಿ ಈ ಚಿಕಿತ್ಸೆ ನಿಷ್ಫಲವೂ ಅಪಾಯಕರವೂ ಆದುದೆಂದು ಕಂಡುಕೊಂಡಳು. ವರದಿ ಮಾತ್ರ ಬೆಳಕಿಗೆ ಬರಲಿಲ್ಲ.

ಅದೇ ಮೇಯರನು ೧೯೨೮ರಲ್ಲಿ ತನ್ನ ವಿಭಾಗಕ್ಕೆ ಲಿಯೋ ಕ್ಯಾನರನನ್ನು ಬರಮಾಡಿಕೊಂಡನು. ೧೯೪೩ರಲ್ಲಿ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಸ್ವಲೀನತೆಗೆ ಪ್ರತ್ಯೇಕ ಸ್ಥಾನವನ್ನು ದೊರಕಿಸಿದನು. ಅನಂತರದ ಎರಡು ದಶಕಗಳಲ್ಲಿ ದೋಷವನ್ನು ಕರುಳಿನ ಮೇಲಲ್ಲ, ತಾಯಿಯ ಮೇಲೆ ಹೊರಿಸಲಾಯಿತು. ತಾಯಿಯ ತಣ್ಣನೆಯ ಸ್ವಭಾವವೇ ಮಗುವನ್ನು ಹೀಗೆ ಮಾಡಿತೆಂಬ ಮತವನ್ನು ಬ್ರೂನೋ ಬೆಟಲ್‌ಹೈಮ್ ೧೯೬೭ರ ತನ್ನ ಗ್ರಂಥದಲ್ಲಿಯೂ ಪ್ರತಿಪಾದಿಸಿದನು. ಇದಕ್ಕೆ ಮುಂಚೆಯೇ, ೧೯೬೪ರಲ್ಲಿ, ಸ್ವತಃ ಇಂತಹ ಮಗುವಿನ ತಂದೆಯಾದ ಬರ್ನಾರ್ಡ್ ರಿಮ್ಲೆಂಡ್ ಈ ಮತವನ್ನು ಖಂಡಿಸಿ, ಕಾರಣವು ಶಾರೀರಿಕವೆಂದು ವಾದಿಸಿದ್ದನು. ಅಪವಾದ ಹೊತ್ತ ತಂದೆತಾಯಿಗಳು ಶರೀರದಲ್ಲಿ ಕಾರಣವನ್ನು ಅರಸಿದುದು ಸಹಜವೇ. ಕರುಳಿನ ವಿಚಾರ ಮರಳಿ ಬಂದುದಕ್ಕೆ ಇದೂ ಒಂದು ಹಿನ್ನೆಲೆಯೆಂದು ನಾವು ಭಾವಿಸುತ್ತೇವೆ.

೧೯೯೮ರಲ್ಲಿ ಎಲೆನ್ ಬೋಲ್ಟ್ ಎಂಬ ತಾಯಿ, ಕರುಳಿನಲ್ಲಿ ಧನುರ್ವಾಯುವಿನ ಬ್ಯಾಕ್ಟೀರಿಯಾ ನೆಲೆಸಿ ಮಿದುಳನ್ನು ಬಾಧಿಸುತ್ತಿರಬಹುದೆಂಬ ಊಹೆಯನ್ನು ಪ್ರಕಟಿಸಿದಳು. ಇದರ ಜಾಡಿನಲ್ಲಿ ಹನ್ನೊಂದು ಮಕ್ಕಳಿಗೆ ವ್ಯಾಂಕೊಮೈಸಿನ್ ಔಷಧವನ್ನು ಬಾಯಿಯ ಮೂಲಕ ಕೊಟ್ಟು ನೋಡಲಾಯಿತು. ೨೦೦೦ದಲ್ಲಿ ಪ್ರಕಟವಾದ ಫಲಿತಾಂಶದಂತೆ ಮಕ್ಕಳಲ್ಲಿ ಸುಧಾರಣೆ ಕಂಡಿತು. ಆದರೆ ಔಷಧ ನಿಂತ ಬಳಿಕ ಅದು ಬಹುಮಟ್ಟಿಗೆ ಉಳಿಯಲಿಲ್ಲ. ಅದೇ ಕಾಲದ ಇನ್ನೊಂದು ಪ್ರಸಂಗ ಇಲ್ಲಿ ಸ್ಮರಣೀಯ. ಸೆಕ್ರಿಟಿನ್ ಎಂಬ ಕರುಳಿನ ಹಾರ್ಮೋನು ಸ್ವಲೀನತೆಯನ್ನು ತಗ್ಗಿಸುತ್ತದೆಂಬ ಸುದ್ದಿ ಹರಡಿತ್ತು. ೧೯೯೯ರ ಪರೀಕ್ಷೆಯಲ್ಲಿ ಕೆಲವು ಮಕ್ಕಳಿಗೆ ಸೆಕ್ರಿಟಿನ್, ಉಳಿದವರಿಗೆ ಬರಿಯ ಉಪ್ಪುನೀರು ಸಂದಿತು. ಎರಡು ಗುಂಪುಗಳೂ ಸಮನಾಗಿ ಸುಧಾರಿಸಿದವು! ಈ ಫಲಿತಾಂಶವನ್ನು ತಿಳಿಸಿದ ಮೇಲೆಯೂ ನೂರಕ್ಕೆ ಅರುವತ್ತೊಂಬತ್ತು ತಂದೆತಾಯಿಗಳು ಆ ಔಷಧದಲ್ಲಿ ಆಸಕ್ತಿಯನ್ನು ಉಳಿಸಿಕೊಂಡಿದ್ದರು. ಇದನ್ನು ಮೌಢ್ಯವೆನ್ನಲು ನಮಗೆ ಮನಸ್ಸಿಲ್ಲ. ಬೇರೆ ದಾರಿ ಕಾಣದವರು ಕಂಡ ದಾರಿಯನ್ನು ಸುಲಭವಾಗಿ ಬಿಡಲಾರರು.

ಈ ನಡುವೆ ಆರೋಗ್ಯವಂತರ ಮಲದಲ್ಲಿನ ಬ್ಯಾಕ್ಟೀರಿಯಾಗಳನ್ನು ರೋಗಿಯ ಕರುಳಿಗೆ ಸೇರಿಸುವ ವಿಧಾನ ಬೆಳೆದು ಬಂದಿತ್ತು. ೧೯೫೮ರಲ್ಲಿ ಅಮೆರಿಕದ ಬೆನ್ ಐಸ್ಮನ್ ಇದನ್ನು ನಾಲ್ವರು ರೋಗಿಗಳಲ್ಲಿ ಬಳಸಿದ್ದನು. ೨೦೧೩ರಲ್ಲಿ ನೆದರ್ಲೆಂಡ್ಸಿನ ಪರೀಕ್ಷೆಯೊಂದರಲ್ಲಿ, ಕ್ಲಾಸ್ಟ್ರಿಡಿಯಂ ಸೋಂಕಿನಿಂದ ಮತ್ತೆ ಮತ್ತೆ ಭೇದಿಗೊಳಗಾಗುತ್ತಿದ್ದ ೧೬ ಮಂದಿಯಲ್ಲಿ ೧೩ ಮಂದಿ ಒಮ್ಮೆಯ ಚಿಕಿತ್ಸೆಯಿಂದಲೇ ಗುಣ ಹೊಂದಿದರು. ೨೦೧೭ರಲ್ಲಿ ಅರಿಜೋನಾದ ಸಂಶೋಧಕರು ಸ್ವಲೀನತೆಯ ೧೮ ಮಕ್ಕಳ ಮೇಲೆ ಇದನ್ನು ಪ್ರಯೋಗಿಸಿದರು. ಹೊಟ್ಟೆಯ ಬಾಧೆ ನೂರಕ್ಕೆ ಸುಮಾರು ಎಂಬತ್ತರಷ್ಟು ತಗ್ಗಿ, ನಡವಳಿಕೆಯೂ ಸುಧಾರಿಸಿತು. ಎರಡು ವರ್ಷಗಳ ತರುವಾಯವೂ ಸುಧಾರಣೆ ಉಳಿದಿತ್ತೆಂದು ೨೦೧೯ರಲ್ಲಿ ವರದಿಯಾಯಿತು.

ಫಲಿತಾಂಶವು ಆಶಾದಾಯಕವೆಂಬುದು ನಿಜ. ಆದರೆ ಚಿಕಿತ್ಸೆಯ ವಿಷಯ ತಂದೆತಾಯಿಗಳಿಗೆ ಗೊತ್ತಿತ್ತು. ಹೋಲಿಕೆಗಾಗಿ ಹುಸಿ ಚಿಕಿತ್ಸೆ ಪಡೆದ ಗುಂಪು ಇರಲಿಲ್ಲ. ಸೆಕ್ರಿಟಿನ್ನಿನ ಉದಾಹರಣೆಯನ್ನು ಬಲ್ಲವರಿಗೆ ಈ ಕೊರತೆಯ ಗುರುತ್ವ ತಿಳಿಯದಿರದು. ಇದಲ್ಲದೆ, ಕಾರಣ ಯಾವುದು, ಕಾರ್ಯ ಯಾವುದು ಎಂಬ ಪ್ರಶ್ನೆಯೂ ಇದೆ. ೨೦೨೧ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ೨೪೭ ಮಂದಿಯ ಮಲವನ್ನು ಪರೀಕ್ಷಿಸಿ, ಸ್ವಲೀನತೆಯ ಮಕ್ಕಳು ಕೆಲವೇ ಆಹಾರಗಳನ್ನು ಒಪ್ಪುವುದರಿಂದ ಅವರ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಭೇದ ಕಾಣುತ್ತಿರಬಹುದೆಂದು ಸೂಚಿಸಿದರು. ಹಾಗಾದಲ್ಲಿ ಬ್ಯಾಕ್ಟೀರಿಯಾಗಳ ಭೇದವು ಸ್ವಲೀನತೆಗೆ ಕಾರಣವಲ್ಲ, ಅದರ ಪರಿಣಾಮ. ಚಿಕಿತ್ಸೆ ಪೂರ್ಣ ನಿರಪಾಯವೂ ಅಲ್ಲ. ೨೦೧೯ರಲ್ಲಿ ಅಮೆರಿಕದಲ್ಲಿ, ರೋಗನಿರೋಧಶಕ್ತಿ ಕುಂದಿದ್ದ ಇಬ್ಬರಿಗೆ ದಾನಿಯ ಮಲದಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ತಗುಲಿ, ಒಬ್ಬರು ಮೃತರಾದರು. ಆ ದೇಶದ ಸರ್ಕಾರವು ೨೦೨೨ ಮತ್ತು ೨೦೨೩ರಲ್ಲಿ ಇಂತಹ ಔಷಧಗಳಿಗೆ ಕೊಟ್ಟ ಅನುಮತಿಯೂ ಮರುಕಳಿಸುವ ಕ್ಲಾಸ್ಟ್ರಿಡಿಯಂ ಸೋಂಕಿಗಾಗಿಯೇ ಹೊರತು ಸ್ವಲೀನತೆಗಾಗಿ ಅಲ್ಲ.

ಈ ಇತಿಹಾಸದಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಸ್ವಲೀನತೆಯ ಮಕ್ಕಳಲ್ಲಿ ಹೊಟ್ಟೆಯ ಬಾಧೆ ಹೆಚ್ಚು. ಮಾತು ಬಾರದ ಮಗು ಅದನ್ನು ಹೇಳಿಕೊಳ್ಳಲಾರದು. ಆ ನೋವನ್ನು ಅರಿತು ಶಮನಗೊಳಿಸುವುದು ಯಾವ ಸಿದ್ಧಾಂತಕ್ಕೂ ಕಾಯಬೇಕಾದ ಕೆಲಸವಲ್ಲ. ಎರಡನೆಯದಾಗಿ, ಟ್ರೆಂಟನ್ನಿನಲ್ಲಿ ಕೊರತೆಯಾದದ್ದು ಉತ್ಸಾಹವಲ್ಲ, ಪರೀಕ್ಷೆ. ಪರೀಕ್ಷೆ ನಡೆದ ಮೇಲೆ ಅದನ್ನು ಪ್ರಕಟಿಸುವ ಧೈರ್ಯ. ಇಂದಿನ ಸಂಶೋಧಕರು ಇವೆರಡನ್ನೂ ಉಳಿಸಿಕೊಂಡರೆ, ಫಲಿತಾಂಶ ಹೇಗೇ ಬರಲಿ, ಮಕ್ಕಳಿಗೆ ಅನ್ಯಾಯವಾಗಲಾರದೆಂದು ನಾವು ನಂಬಿದ್ದೇವೆ.