ಹಳೆಯ ದಾಖಲೆಗಳಲ್ಲಿನ "ಗುಲ್ಬರ್ಗಾ" ಹಾಗೂ "ಹೈದರಾಬಾದ್-ಕರ್ನಾಟಕ" ಎಂಬ ಹೆಸರುಗಳು: ಅರ್ಜಿದಾರರ ಗಮನಕ್ಕೆ

ಸಂವಿಧಾನದ ಅನುಚ್ಛೇದ 371(ಜೆ) ಅನ್ವಯ ಅರ್ಹತಾ ಪ್ರಮಾಣಪತ್ರ ಕೋರುವ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅರ್ಜಿದಾರರು, ದಾಖಲೆಗಳಲ್ಲಿನ ಹಳೆಯ ಹೆಸರನ್ನು ಮೊದಲು ತಿದ್ದಿಸಬೇಕೇ ಎಂದು ವಿಚಾರಿಸುವುದುಂಟು. ಊರಿನ ಅಥವಾ ಪ್ರದೇಶದ ಹೆಸರು ಬದಲಾಗಿದೆ ಎಂಬ ಒಂದೇ ಕಾರಣಕ್ಕೆ ತಿದ್ದುಪಡಿಯ ಅಗತ್ಯವಿರುವುದಿಲ್ಲ.

ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆಯ ಮೇರೆಗೆ ದಿನಾಂಕ 1-11-2014ರಿಂದ ಗುಲ್ಬರ್ಗಾ ಎಂಬುದು ಕಲಬುರಗಿ ಎಂದಾಯಿತು. (ಕನ್ನಡ ಮಾತಿನಲ್ಲಿ ಅದು ಮೊದಲಿನಿಂದಲೂ ಕಲಬುರಗಿಯೇ.) ಆದರೆ ಒಂದು ಹೆಸರು ಬದಲಾದೊಡನೆ ಅದನ್ನು ಹೊತ್ತ ಎಲ್ಲವೂ ತಾನಾಗಿ ಬದಲಾಗುವುದಿಲ್ಲ. 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿಶ್ವವಿದ್ಯಾಲಯವು ಇಂದಿಗೂ ಅದೇ ಹೆಸರಿನಲ್ಲಿದೆ. ಲೋಕಸಭಾ ಕ್ಷೇತ್ರದ ಹೆಸರೂ ಗುಲ್ಬರ್ಗಾ ಎಂದೇ ಇದೆ. ಆದುದರಿಂದ 2014ರ ನಂತರದ ಪದವಿ ಪತ್ರದಲ್ಲಿ ಆ ಹೆಸರು ಕಂಡುಬಂದಲ್ಲಿ ಅದನ್ನು ದೋಷವೆಂದು ಭಾವಿಸತಕ್ಕದ್ದಲ್ಲ.

ರಾಜ್ಯ ಸರ್ಕಾರವು 2019ರ ಸೆಪ್ಟೆಂಬರ್‌ನಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿತು. ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರೂ ಬದಲಾಯಿತು. ಆದಾಗ್ಯೂ 98ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಅನುಚ್ಛೇದದಲ್ಲಿರುವ ಪದ "ಹೈದರಾಬಾದ್-ಕರ್ನಾಟಕ" ಎಂಬುದೇ ಆಗಿದೆ. 2013ರ ಮೀಸಲಾತಿ ಆದೇಶವೂ ಅದೇ ಹೆಸರಿನಲ್ಲಿ ಹೊರಟಿತು. ಪ್ರದೇಶದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ 'ಎ' ಮತ್ತು 'ಬಿ'ಗೆ ಶೇ. 75, 'ಸಿ'ಗೆ ಶೇ. 80, 'ಡಿ'ಗೆ ಶೇ. 85 ಮೀಸಲಾತಿಯು ದೊರೆಯುವುದು ಇದರಿಂದಲೇ. ಹಳೆಯ ಹೆಸರಿನ ಪ್ರಮಾಣಪತ್ರವನ್ನು ಕೇವಲ ಹೆಸರಿಗಾಗಿ ಹೊಸದಾಗಿ ಪಡೆಯಲು ಹೊರಟು ನೇಮಕಾತಿಯ ಕೊನೆಯ ದಿನಾಂಕವನ್ನು ತಪ್ಪಿಸಿಕೊಳ್ಳಬಾರದು. ಮಧ್ಯವರ್ತಿಗಳಿಗೆ ಹಣ ನೀಡುವ ಪ್ರಮೇಯವಂತೂ ಇಲ್ಲವೇ ಇಲ್ಲ.

ಗಡಿ ಬದಲಾದ ಪ್ರಕರಣಗಳು ಇದಕ್ಕಿಂತ ಭಿನ್ನ. ಜೇವರ್ಗಿಯಿಂದ ಬೇರ್ಪಟ್ಟು ಯಡ್ರಾಮಿ ತಾಲ್ಲೂಕಿಗೆ ಸೇರಿದ ಗ್ರಾಮಗಳವರ ಹಳೆಯ ಪತ್ರಗಳಲ್ಲಿ ಜೇವರ್ಗಿ ಎಂದಿರುವುದು ಸಹಜ. ಆದರೆ ಈಗಿನ ವಾಸಸ್ಥಳದ ದೃಢೀಕರಣವನ್ನು ಯಡ್ರಾಮಿ ತಹಶೀಲ್ದಾರರಿಂದ ಪಡೆಯಬೇಕಾಗುತ್ತದೆ. 2009ರ ಅಂತ್ಯದಲ್ಲಿ ರಚನೆಯಾದ ಯಾದಗಿರಿ ಜಿಲ್ಲೆಯ ಊರುಗಳಲ್ಲಿ ಅದಕ್ಕೂ ಮೊದಲು ಜನಿಸಿದವರ ಜನನ ಪತ್ರದಲ್ಲಿ ಗುಲ್ಬರ್ಗಾ ಜಿಲ್ಲೆ ಎಂದಿರುತ್ತದೆ. ಎರಡೂ ಜಿಲ್ಲೆಗಳು 371(ಜೆ) ವ್ಯಾಪ್ತಿಯಲ್ಲಿರುವುದರಿಂದ ಅರ್ಹತೆಗೆ ಬಾಧಕವಿಲ್ಲ.

ಇಂಗ್ಲಿಷಿನಲ್ಲಿ ಜೇವರ್ಗಿಯನ್ನು 'ವಿ' ಅಥವಾ 'ಡಬ್ಲ್ಯು' ಅಕ್ಷರದಿಂದ ಬರೆದಿರುವುದು ಗಂಭೀರ ವ್ಯತ್ಯಾಸವಲ್ಲ. ವಾಸ್ತವವಾಗಿ ತೊಂದರೆಯಾಗುವುದು ಅರ್ಜಿದಾರರ ಅಥವಾ ತಂದೆಯ ಹೆಸರು, ಜನ್ಮ ದಿನಾಂಕ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿಯಾಗಿರುವಾಗ. ಅವುಗಳನ್ನು ಅರ್ಜಿ ಸಲ್ಲಿಸುವ ಮೊದಲೇ ಸಂಬಂಧಿಸಿದ ಪ್ರಾಧಿಕಾರದಲ್ಲಿ ಸರಿಪಡಿಸಿಕೊಳ್ಳುವುದು.

ಮೇಲ್ಕಂಡ ಮೂರೂ ತಾಲ್ಲೂಕುಗಳಿಗೆ ಪ್ರಮಾಣಪತ್ರ ನೀಡುವ ಅಧಿಕಾರಿ: ಸಹಾಯಕ ಆಯುಕ್ತರು, ಕಲಬುರಗಿ ಉಪವಿಭಾಗ.