ಮೊಣಕಾಲೊಳಗಿನ ಕೆಂಪು ನೀರು

1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪನಾಯಕನ ಪಡೆ ಬ್ರಿಟಿಷರ ಮೇಲೆ ಬಿದ್ದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕ್ಯಾಪ್ಟನ್ ನ್ಯೂಬರಿ ಅಲ್ಲೇ ಸತ್ತ. ಆ ಕಾಳಗದ ಬಗ್ಗೆ ಓದುವಾಗ ನನಗೆ ಬೇರೆಯದೇ ಪ್ರಶ್ನೆ ಏಳುತ್ತದೆ: ಕಾಲಿಗೆ ಗುಂಡು ಬಿದ್ದವನ ರಕ್ತ ಹೇಗೆ ನಿಲ್ಲಿಸುತ್ತಿದ್ದರು? ಫ್ರಾನ್ಸಿನ ಪೆಟಿ ಎಂಬ ವೈದ್ಯ 1718ರಲ್ಲಿ ರೂಪಿಸಿದ ತಿರುಪಿನ ಟೂರ್ನಿಕೆಟ್ ಆ ಕಾಲದ ಸೇನಾ ವೈದ್ಯರಿಗೆ ಪರಿಚಿತ. ಪಟ್ಟಿಯನ್ನು ತೊಡೆಗೆ ಬಿಗಿದು ತಿರುಪು ತಿರುವಿದರೆ ರಕ್ತ ನಿಲ್ಲುತ್ತಿತ್ತು. ಆಮೇಲೆ ಬಹಳ ಸಲ ಕಾಲನ್ನೇ ಕತ್ತರಿಸುತ್ತಿದ್ದರು.

1873ರಲ್ಲಿ ಜರ್ಮನಿಯ ಎಸ್ಮಾರ್ಕ್ ರಬ್ಬರ್ ಪಟ್ಟಿ ತಂದ. ಅದರ ಬಿಗಿತಕ್ಕೆ ನರ ಸತ್ತು ಕೈಕಾಲು ಸೋಲುವುದಿತ್ತು. ಹಾಗಾಗಿ ಅಮೆರಿಕದ ಕುಶಿಂಗ್ 1904ರಲ್ಲಿ ಗಾಳಿ ತುಂಬುವ ಪಟ್ಟಿ ಮಾಡಿದ. ಇಂದಿಗೂ ಆಪರೇಷನ್ ಕೋಣೆಯಲ್ಲಿರುವುದು ಅದರ ಮೊಮ್ಮಗ.

ಮೊಣಕಾಲೊಳಗೆ ಇಣುಕುವ ಹಂಬಲ ಜಪಾನಿನಲ್ಲೂ ಇತ್ತು. ಕ್ಷಯ ತಗುಲಿ ಮೊಣಕಾಲು ಸೆಟೆದರೆ ನೆಲದ ಮೇಲೆ ಕೂರುವ ಜನ ಬದುಕುವುದು ಹೇಗೆ? ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ ಶಹಾಪುರದ ಜನರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ, ಮೂತ್ರಕೋಶ ನೋಡುವ ಕೊಳವೆಯನ್ನು ಶವದ ಮೊಣಕಾಲಿಗೆ ತೂರಿಸಿ ನೋಡಿದ.

ಶವದಲ್ಲಿ ರಕ್ತ ಹರಿಯದು. ಬದುಕಿದವರ ಕಾಲಲ್ಲಿ ಹರಿಯುತ್ತದೆ. ಕೀಲಿಗೆ ಉಪ್ಪುನೀರು ತುಂಬಿ ಕ್ಯಾಮೆರಾ ಇಳಿಸಿದಾಗ ಸಣ್ಣ ರಕ್ತನಾಳವೊಂದು ಒಡೆದರೂ ಸಾಕು, ಮಳೆಗಾಲದ ಕೃಷ್ಣೆಯಂತೆ ಎಲ್ಲ ಕೆಂಪು. ಜೀವಕ್ಕೆ ಅಪಾಯವಾಗುವಷ್ಟು ರಕ್ತವೇನಲ್ಲ. ಆದರೆ ಕಾಣದೆ ಕತ್ತರಿ ಆಡಿಸಿದರೆ ಒಳ್ಳೆಯ ಮೆದ್ದೆಲುಬೂ ಹೋದೀತು.

ತಕಾಗಿಯ ಶಿಷ್ಯ ವತನಾಬೆ 1962ರಲ್ಲಿ ಇದೇ ದಾರಿಯಿಂದ ಹರಿದ ಮಿನಿಸ್ಕಸ್ ತುಂಡನ್ನು ತೆಗೆದ. ಅದೇ ವರ್ಷ ಅದೇ ದೇಶದಲ್ಲಿ ಉತಾಕೊ ಒಕಾಮೊಟೊ ಮತ್ತು ಆಕೆಯ ಗಂಡ ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಪ್ರಕಟಿಸಿದರು. ಆಕೆ ಯೋಚಿಸಿದ್ದು ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು. ಆ ಔಷಧಿ ಈಗ ಮೊಣಕಾಲಿನ ಆಪರೇಷನ್ನಿಗೂ ಬಂದಿದೆ.

ಯಾದಗಿರಿಯಿಂದ ಕಲಬುರಗಿಗೋ ಹೈದರಾಬಾದಿಗೋ ಹೋಗಿ ಆಪರೇಷನ್ ಮಾಡಿಸಿಕೊಂಡವರು ತೊಡೆ ನೋವೆಂದರೆ ಅದು ಪಟ್ಟಿಯ ಬಿಗಿತವಿರಬಹುದು. ಎರಡು ಗಂಟೆ ಮೀರಿದರೆ ನರಕ್ಕೂ ಸ್ನಾಯುವಿಗೂ ಅಪಾಯ ಹೆಚ್ಚು. ನೀರಿನ ಒತ್ತಡ ಅತಿಯಾಗಿ ಏರಿಸಿದರೆ ನೀರು ಸೋರಿ ಮೀನಖಂಡ ಊದೀತು. ಹಾಗಾಗಿ ಈಗ ಎಷ್ಟೋ ವೈದ್ಯರು ಪಟ್ಟಿ ಕಟ್ಟಿಯೂ ಗಾಳಿ ತುಂಬುವುದಿಲ್ಲ. ನೀರಿಗೆ ತುಸು ಅಡ್ರಿನಲಿನ್ ಬೆರೆಸುತ್ತಾರೆ, ಅರಿವಳಿಕೆಯವರಿಗೆ ಬಿಪಿ ಏರದಂತೆ ನೋಡಿಕೊಳ್ಳಲು ಹೇಳುತ್ತಾರೆ. ಕೆಂಪಾದರೆ ನೀರು ಹೊರಹೋಗುವ ದಾರಿ ಮುಚ್ಚಿ, ಒತ್ತಡ ಸ್ವಲ್ಪ ಏರಿಸಿ, ತಿಳಿಯಾಗುವತನಕ ಕಾಯುತ್ತಾರೆ.